ಹಿಂಬೆಳಕಿನ ದೋಷಕ್ಕೆ ಪಿಕ್ಸೆಲ್ ನಿಯಮ ಹೇಳಿ ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಇವರಿಂದ,
ಮಾಲೀಕರು, ಫೋಟೋ ಸ್ಟುಡಿಯೋ, ತೆಂಕಪೇಟೆ, ಉಡುಪಿ

ಮಾನ್ಯರೇ,

ಕಳೆದ ನವೆಂಬರಿನಲ್ಲಿ ತಮ್ಮ ಕಂಪೆನಿಯ 27 ಇಂಚಿನ ಐಪಿಎಸ್ (ಎಲ್‌ಸಿಡಿ ಪರದೆಯ ಒಂದು ಬಗೆ) ಮಾನಿಟರನ್ನು ಮೂರು ವರ್ಷಗಳ ವಾರಂಟಿಯೊಂದಿಗೆ ಖರೀದಿಸಿ, ಮದುವೆ ಆಲ್ಬಮ್‌ಗಳ ಫೋಟೋ ತಿದ್ದುವ ಕೆಲಸಕ್ಕೆ ಬಳಸುತ್ತಿದ್ದೇನೆ. ಏಪ್ರಿಲ್ ಕೊನೆಯಿಂದ ಪರದೆಯ ಕೆಳಗಿನ ಎಡಮೂಲೆಯಲ್ಲಿ ಅಂಗೈಯಗಲದ ಜಾಗ ಮಂಕಾಗಿದೆ. ಇದು ನನಗೆ ತಿಳಿದದ್ದು ಪರದೆ ನೋಡಿ ಅಲ್ಲ, ಪ್ರಿಂಟ್ ನೋಡಿ. ಧಾರೆಯ ಚಿತ್ರವೊಂದರ ಎಡಮೂಲೆ ಕಪ್ಪಾಗಿದೆಯೆಂದು ಭಾವಿಸಿ ಅಲ್ಲಿ ಬೆಳಕು ಹೆಚ್ಚಿಸಿದ್ದೆ. ಲ್ಯಾಬಿನಿಂದ ಬಂದ ಹಾಳೆಯಲ್ಲಿ, ಅಲ್ಲಿ ಕುಳಿತಿದ್ದ ಸೋದರಮಾವನ ಬಿಳಿ ಪಂಚೆಯ ಅಂಚೂ ನೆರಿಗೆಯೂ ಕಾಣದೆ ಸುಣ್ಣ ಬಳಿದಂತಾಗಿತ್ತು. ಆ ಪುಟಗಳನ್ನು ನನ್ನ ಖರ್ಚಿನಲ್ಲೇ ಮತ್ತೆ ಮುದ್ರಿಸಿಕೊಟ್ಟೆ.

ತಮ್ಮ ಸಹಾಯವಾಣಿಯವರು ಹೇಳಿದಂತೆ ಗ್ರಾಫಿಕ್ಸ್ ಡ್ರೈವರನ್ನೂ ಕೇಬಲನ್ನೂ ಬದಲಾಯಿಸಿದೆ, ಚಿತ್ರಕ್ಕೆ ತಕ್ಕಂತೆ ಪರದೆಯ ಬೆಳಕನ್ನು ತಾನೇ ಬದಲಿಸುವ ಡೈನಾಮಿಕ್ ಕಾಂಟ್ರಾಸ್ಟನ್ನು ಆಫ್ ಮಾಡಿದೆ, ಬೇರೊಂದು ಲ್ಯಾಪ್‌ಟಾಪಿಗೂ ಜೋಡಿಸಿ ನೋಡಿದೆ, ಕಲೆ ಕದಲಲಿಲ್ಲ. ಅದೇ ಪರದೆಯ ಸ್ಕ್ರೀನ್‌ಶಾಟನ್ನು ಮೊಬೈಲಿನಲ್ಲಿ ತೆರೆದರೆ ಮಾತ್ರ ಎಡಮೂಲೆ ಸ್ವಚ್ಛವಾಗಿದೆ, ಅಂದರೆ ಕಂಪ್ಯೂಟರ್ ಕಳಿಸುವ ಚಿತ್ರದಲ್ಲಿ ಕೊರತೆಯಿಲ್ಲ. ಇಡೀ ಪರದೆಗೆ ಒಂದೇ ನಸುಬೂದು ಬಣ್ಣ ತುಂಬಿ, ಪರದೆಯ ಬಣ್ಣ ಬೆಳಕು ಅಳೆಯುವ ಕ್ಯಾಲಿಬ್ರೇಟರಿನಿಂದ ಅಳೆದಾಗ, ನಡುವೆ 120 ನಿಟ್ಸ್ (ಪ್ರಕಾಶದ ಅಳತೆ) ಇದ್ದಲ್ಲಿ ಆ ಮೂಲೆಯಲ್ಲಿ 71 ಸಿಕ್ಕಿತು. ಕತ್ತಲೆ ಕೋಣೆಯಲ್ಲಿ ಕಪ್ಪು ಪರದೆಯ ಬಲಮೂಲೆಯಲ್ಲಿ ಕಾಣುವ, ತಲೆ ಸರಿಸಿದರೆ ಮಾಯವಾಗುವ ಹಳದಿ ಛಾಯೆ ಐಪಿಎಸ್ ಪ್ಯಾನೆಲಿನ ಸ್ವಭಾವವೆಂದು ನನಗೂ ಗೊತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಎಡಮೂಲೆಯ ಮಂಕು ಹಾಗಲ್ಲ, ಯಾವ ಕೋನದಿಂದ ನೋಡಿದರೂ ಅಲ್ಲೇ ಇರುತ್ತದೆ.

ಎಲ್‌ಸಿಡಿ ಪ್ಯಾನೆಲಿಗೆ ಸ್ವಂತ ಬೆಳಕಿಲ್ಲ. ಇಂಥ ಮಾನಿಟರುಗಳಲ್ಲಿ ಸಾಮಾನ್ಯವಾಗಿ ಅಂಚಿನ ಎಲ್‌ಇಡಿ ಪಟ್ಟಿಯಿಂದ ಹೊರಟ ಬೆಳಕನ್ನು ಹಿಂದಿನ ಪಾರದರ್ಶಕ ಫಲಕ ಮತ್ತು ಹಾಳೆಗಳು ಪರದೆಯಗಲಕ್ಕೆ ಹರಡುತ್ತವೆ. ಮಂಕು ಕೆಳ ಅಂಚಿನಲ್ಲಿ ದಟ್ಟವಾಗಿದ್ದು ಮೇಲಕ್ಕೆ ತೆಳುವಾಗುವುದರಿಂದ, ಆ ಪಟ್ಟಿಯ ಒಂದೆರಡು ಎಲ್‌ಇಡಿಗಳು ಕೆಟ್ಟಿರಬೇಕೆಂಬುದು ನನ್ನ ಅನುಮಾನ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ, ಆದರೆ ನಾನು ಬಿಚ್ಚಿದರೆ ವಾರಂಟಿಯೇ ಹೋಗುತ್ತದೆ.

ಮಂಗಳೂರಿನ ತಮ್ಮ ಸೇವಾ ಕೇಂದ್ರಕ್ಕೆ ಮಾನಿಟರನ್ನು ನಾನೇ ಕಾರಿನಲ್ಲಿ ಒಯ್ದು ಕೊಟ್ಟೆ. ಒಂಬತ್ತು ದಿನ ಇಟ್ಟುಕೊಂಡು, ‘ಪಿಕ್ಸೆಲ್ ದೋಷ ಅನುಮತಿಸಿದ ಮಿತಿಯೊಳಗಿದೆ’ ಎಂದು ಚೀಟಿ ಬರೆದು ಹಿಂದಿರುಗಿಸಿದರು. ಪಿಕ್ಸೆಲ್ ನಿಯಮವು ಸದಾ ಹೊತ್ತಿಕೊಂಡೋ ಆರಿಕೊಂಡೋ ಉಳಿದ ಚುಕ್ಕೆಗಳನ್ನು ಎಣಿಸುವುದಕ್ಕಿರುವುದು. ನನ್ನ ಪರದೆಯಲ್ಲಿ ಅಂಥ ಚುಕ್ಕೆ ಒಂದೂ ಇಲ್ಲ, ನಾನು ದೂರಿದ್ದು ಪ್ಯಾನೆಲಿನ ಹಿಂದಿನ ಬೆಳಕಿನ ಬಗ್ಗೆ. ಕರಾವಳಿಯ ತೇವವೇ ಕಾರಣವೆಂದು ಅಲ್ಲಿಯ ಸಿಬ್ಬಂದಿ ಬಾಯಿಮಾತಿನಲ್ಲಿ ಹೇಳಿದರು. ದೋಷ ಕಂಡದ್ದು ಮಳೆಗಾಲಕ್ಕೆ ಮೊದಲು. ಅಲ್ಲದೆ ಉಡುಪಿಯಲ್ಲಿ ಆಟಿ ತಿಂಗಳ ಮಳೆ ಹೊಸದೇನಲ್ಲ, ಇಲ್ಲಿ ಮಾರುವ ಕಂಪೆನಿಗೆ ಅದು ಗೊತ್ತಿರಬೇಕು.

ಆದ್ದರಿಂದ ಹಿಂಬೆಳಕಿನ ಘಟಕವನ್ನು ಅಥವಾ ಮಾನಿಟರನ್ನೇ ಬದಲಿಸಿಕೊಡಬೇಕು. ಸಾಧ್ಯವಿಲ್ಲವೆಂದಾದರೆ ಪರದೆಯ ಒಂಬತ್ತು ಭಾಗಗಳಲ್ಲಿ ಅಳೆದ ಪ್ರಕಾಶದ ಅಂಕಿಗಳೊಂದಿಗೆ ಕಾರಣವನ್ನು 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ತಪ್ಪಿದಲ್ಲಿ, ಸ್ವಯಂ ಉದ್ಯೋಗದ ಜೀವನೋಪಾಯಕ್ಕೆಂದೇ ಖರೀದಿಸಿದ ವಸ್ತು ಇದಾಗಿರುವುದರಿಂದ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನು ವಾಸಿಸುವ ಉಡುಪಿ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸುತ್ತೇನೆ. ಬಿಲ್ಲಿನ ಪ್ರತಿ, ಸೇವಾ ಕೇಂದ್ರದ ಚೀಟಿ, ಬೂದು ಪರದೆಯ ಫೋಟೋ ಮತ್ತು ಹಾಳಾದ ಪ್ರಿಂಟಿನ ಒಂದು ಹಾಳೆಯನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)