ಸ್ಕ್ಯಾನರ್ ಹೇಳಿದ್ದೇ ಕೊನೆಯ ಮಾತೇ?

ಮಾನ್ಯರೇ,

ಸರಕು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ನನ್ನ ಪಿಕಪ್‌ನ ಎಂಜಿನ್ ಏಕಾಏಕಿ ಬಂದ್ ಆಗುತ್ತಿತ್ತು. ಸ್ಟಿಯರಿಂಗ್ ಬಿಗಿ. ಎಂಜಿನ್ ನಿಂತರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಬರುವುದೂ ನಿಲ್ಲುತ್ತದೆ. ಉಳಿದದ್ದು ಎರಡು-ಮೂರು ಸಲ ಪೆಡಲ್ ತುಳಿದರೆ ಖಾಲಿ. ಆಮೇಲೆ ಸೀಟಿನಿಂದ ಎದ್ದು ಮೈಭಾರವೆಲ್ಲ ಹಾಕಿ ತುಳಿಯಬೇಕು. ಸರ್ವಿಸ್ ಸೆಂಟರ್‌ನವರು ಪ್ರತಿ ಸಲವೂ ದೋಷವನ್ನು ಕೋಡ್ ಆಗಿ ತೋರಿಸುವ ಸ್ಕ್ಯಾನರ್ ಹಚ್ಚಿ, ‘ಕೋಡ್ ಏನೂ ಇಲ್ಲ ಸರ್, ಗಾಡಿ ಚೆನ್ನಾಗಿದೆ’ ಎಂದು ಕಳಿಸುತ್ತಿದ್ದರು. ಖಾಲಿ ಗಾಡಿ, ಸಮತಟ್ಟು ಅಂಗಳ. ಅಲ್ಲಿ ಚೆನ್ನಾಗಿರದೆ ಇನ್ನೇನು?

ಕಾರಣ ಹುಡುಕಿಕೊಟ್ಟವರು ಹೊರಗಿನ ಒಬ್ಬ ಎಲೆಕ್ಟ್ರಿಷಿಯನ್. ಭಾರ ಹೇರಿದಾಗ ಗಾಡಿಯ ಕೆಳಗಿನ ಚೌಕಟ್ಟು, ಅಂದರೆ ಚಾಸಿ, ಕೊಂಚ ಬಾಗುತ್ತದೆ. ಅದರ ಅಂಚಿಗೆ ಉಜ್ಜಿ ಉಜ್ಜಿ ವೈರಿಂಗ್‌ನ ಹೊದಿಕೆ ಸವೆದು ಒಳಗಿನ ತಾಮ್ರ ಹೊಳೆಯುತ್ತಿತ್ತು, ಸುತ್ತಿದ ಟೇಪು ಕರಗಿ ಅಂಟಾಗಿತ್ತು. ಆ ತಾಮ್ರ ಚಾಸಿಗೆ ತಾಗಿದಾಗ ಎಂಜಿನ್ ಬಂದ್. ಡೀಸೆಲ್ ಪೈಪು ಅಲ್ಲಿಂದ ಗೇಣು ದೂರ. ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ.

ಇದೇ ಮಾಡೆಲ್ ಓಡಿಸುವ ಪರಿಚಯದವರ ಗಾಡಿಯಲ್ಲೂ ಅದೇ ಜಾಗದಲ್ಲಿ ವೈರು ಸವೆದಿದೆ. ಅವರಿಗೆ ಯಾರೋ 15 ಆಂಪಿಯರ್ ಫ್ಯೂಸ್ ತೆಗೆದು 30ರದ್ದು ಹಾಕಿಕೊಟ್ಟಿದ್ದರು! ಫ್ಯೂಸ್ ಹೋಗುವುದು ನಿಂತಿತು, ಸುಡುವ ಸರದಿ ಈಗ ವೈರಿನದು.

ಸರ್ವಿಸ್ ಸೆಂಟರ್‌ನವರು ಮಾಲೀಕ ಹೇಳಿದ ದೂರನ್ನು ದುರಸ್ತಿಯ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ ಅವನ ಮಾತಿನಲ್ಲೇ ಬರೆದು ಪ್ರತಿ ಕೊಡಬೇಕು. ಭಾರ ಹೇರಿಯೇ ಓಡಿಸಿ ನೋಡಬೇಕು. ಒಂದೇ ದೋಷ ಹಲವು ಗಾಡಿಗಳಲ್ಲಿ ಕಂಡರೆ ತಯಾರಕರು ಎಲ್ಲವನ್ನೂ ವಾಪಸ್ ಕರೆಸಿ ಉಚಿತವಾಗಿ ಸರಿಪಡಿಸಲಿ.

– ಒಬ್ಬ ಪಿಕಪ್ ಮಾಲೀಕ