ಕಾರ್ಪೆಟ್ ಶಾರ್ಕ್ ಮುಟ್ಟಲು ಹೇಳಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸಿಡ್ನಿಯ ಡೈವಿಂಗ್ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳೇನೋ ಚೆನ್ನಾಗಿದ್ದವು. ಆದರೆ ಮೂರು ಬೇರೆ ಬೇರೆ ಮೀನುಗಳ ಕೆಳಗೂ 'ಕಾರ್ಪೆಟ್ ಶಾರ್ಕ್' ಎಂದೇ ಬರೆದಿದ್ದೀರಿ. ಅದು ಒಂದು ಮೀನಿನ ಹೆಸರಲ್ಲ, ಶಾರ್ಕ್‌ಗಳ ಒಂದು ಗುಂಪಿನ ಹೆಸರು. ಸಾಲದ್ದಕ್ಕೆ 'ಸಾಧು ಪ್ರಾಣಿ, ಮುಟ್ಟಿದರೂ ಏನೂ ಮಾಡದು' ಎಂಬ ಭರವಸೆ ಬೇರೆ. ನಾನು ಕುಮಟಾದವಳು, ಇಲ್ಲಿ ಸಿಡ್ನಿಯಲ್ಲಿ ನರ್ಸ್. ರಜೆ ಸಿಕ್ಕರೆ ಮ್ಯಾನ್ಲಿ ಪಕ್ಕದ ಶೆಲ್ಲಿ ಬೀಚ್‌ನಲ್ಲಿ ನೀರಿಗಿಳಿಯುತ್ತೇನೆ. ಊರಿಂದ ಬಂದ ನೆಂಟರನ್ನೂ ಅಲ್ಲಿಗೇ ಕರೆದೊಯ್ಯುತ್ತೇನೆ. ನಿಮ್ಮ ಲೇಖನ ನಂಬಿ ಅವರು ಕೈ ಚಾಚಿದರೆ ಗತಿಯೇನು?

ಮೊದಲ ಚಿತ್ರದ್ದು ಕಾರ್ಪೆಟ್ ಶಾರ್ಕೇ ಅಲ್ಲ, ಪೋರ್ಟ್ ಜಾಕ್ಸನ್ ಶಾರ್ಕ್. ಬೆನ್ನಿನ ಎರಡೂ ರೆಕ್ಕೆಗಳ ಮುಂದೆ ಒಂದೊಂದು ಮುಳ್ಳಿದೆ ನೋಡಿ. ಕಾರ್ಪೆಟ್ ಶಾರ್ಕ್ ಗುಂಪಿನಲ್ಲಿ ಯಾವುದಕ್ಕೂ ಆ ಮುಳ್ಳಿಲ್ಲ. ಅವುಗಳ ಬಾಯಿ ಕಣ್ಣಿಗಿಂತ ಮುಂದಿರುತ್ತದೆ, ಮೂಗಿನ ಹತ್ತಿರ ಮೀಸೆ ಇರುತ್ತದೆ. ಬಸ್ಸಿನಷ್ಟು ಉದ್ದ ಬೆಳೆಯುವ ತಿಮಿಂಗಿಲ ಶಾರ್ಕ್ ಕೂಡ ಇದೇ ಗುಂಪು. ನಂಬೋದು ಕಷ್ಟ, ಅಲ್ವಾ?

ಉಳಿದ ಎರಡು ಚಿತ್ರದವು ಈ ಗುಂಪಿನವೇ, ಆದರೆ ಬೇರೆ ಬೇರೆ ಮೀನುಗಳು. ಎರಡನೆಯದು ಬ್ಲೈಂಡ್ ಶಾರ್ಕ್. ಹೆಸರಷ್ಟೇ ಕುರುಡು. ನೀರಿಂದ ಮೇಲೆತ್ತಿದಾಗ ಕಣ್ಣು ಮುಚ್ಚಿಕೊಳ್ಳುವುದಕ್ಕೆ ಆ ಹೆಸರು ಬಂತು. ಕಂದು ಮೈ, ಸಣ್ಣ ಬಿಳಿ ಚುಕ್ಕೆ, ಉದ್ದ ಮೀಸೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಬಿದ್ದಿರುತ್ತದೆ.

ಮೂರನೆಯದೇ ನನ್ನ ತಕರಾರಿನ ಮೂಲ: ವಾಬಿಗಾಂಗ್. ಚಪ್ಪಟೆ ಮೈ, ಪಾಚಿ ಹಿಡಿದ ಬಂಡೆಯದೇ ಬಣ್ಣ. ಬಾಯಿಯ ಸುತ್ತ ಜಾಲರಿಯ ಹಾಗೆ ಚರ್ಮದ ಎಳೆಗಳು ಜೋತಾಡುತ್ತವೆ. ಡೈವ್ ಮಾಡುವಾಗ ಮೊದಲು ಆ ಎಳೆಗಳನ್ನೇ ಹುಡುಕಬೇಕು. ಬಣ್ಣ ನಂಬಿದರೆ ಕೆಟ್ಟಿರಿ. ಸಿಡ್ನಿ ಕಡೆ ಇದರಲ್ಲೇ ಮೂರು ಜಾತಿ. ಮೈಮೇಲೆ ಬಿಳಿ ಉಂಗುರಗಳಿದ್ದರೆ ಅದು ಸ್ಪಾಟೆಡ್. ನಿಮ್ಮ ಚಿತ್ರದಲ್ಲಿ ಉಂಗುರ ಸ್ಪಷ್ಟವಾಗಿದೆ. ಉಳಿದ ಎರಡು, ಸುಮಾರು ಒಂದು ಮೀಟರಿಗೇ ನಿಲ್ಲುವ ಆರ್ನೇಟ್ ಮತ್ತು ಎರಡು ಮೀಟರ್ ದಾಟುವ ಬ್ಯಾಂಡೆಡ್, ನೋಡಲು ಒಂದೇ ಥರ. 2006ರವರೆಗೆ ವಿಜ್ಞಾನಿಗಳೇ ಅವೆರಡನ್ನೂ ಒಂದೇ ಜಾತಿ ಎಂದು ಲೆಕ್ಕ ಹಾಕಿದ್ದರು. ಹಾಗಾಗಿ ನಡುವಿನ ಅಳತೆಯದ್ದು ಸಿಕ್ಕರೆ ನಾನಂತೂ ಸುಮ್ನೆ 'ವಾಬಿಗಾಂಗ್' ಎಂದು ಬರೆದುಕೊಂಡು ಮುಂದೆ ಹೋಗುತ್ತೇನೆ.

ಇದು ತಾನಾಗಿ ಮೈಮೇಲೆ ಬರುವ ಮೀನಲ್ಲ, ನಿಜ. ಆದರೆ ಕಾಣದೆ ಕೈಯೂರಿದರೆ, ಬಾಲ ಹಿಡಿದು ಎಳೆದರೆ ಕಚ್ಚುತ್ತದೆ. ಬಾಲ ಹಿಡಿದ ಕೈಗೇ ತಿರುಗಿ ಬಾಯಿ ಹಾಕುವಷ್ಟು ಮೈ ಬಳುಕುತ್ತದೆ. ಚೂಪು ಹಲ್ಲು, ಕಚ್ಚಿದರೆ ಬಿಡುವುದಿಲ್ಲ. 2004ರಲ್ಲಿ ಇಲ್ಲಿಂದ ಉತ್ತರಕ್ಕಿರುವ ಕೇವ್ಸ್ ಬೀಚ್‌ನಲ್ಲಿ ಒಬ್ಬನ ಕಾಲಿಗೆ ಕಚ್ಚಿತ್ತು. ಅವನು ಅದನ್ನು ಕಾಲಲ್ಲೇ ನೇತುಹಾಕಿಕೊಂಡು ದಡಕ್ಕೆ ಈಜಿ, ಕಾರು ಓಡಿಸಿಕೊಂಡು ಲೈಫ್‌ಗಾರ್ಡ್‌ಗಳ ಹತ್ತಿರ ಹೋದ. ಅವರು ಕಿವಿರಿಗೆ ಸಿಹಿನೀರು ಬಿಟ್ಟ ಮೇಲೆ ಬಾಯಿ ಸಡಿಲವಾಯಿತು. ಆ ಮೀನಿದ್ದದ್ದು ಬರೀ ಎರಡು ಅಡಿ!

ಶೆಲ್ಲಿ ಬೀಚ್ ಇರುವ ಕೊಲ್ಲಿ 2002ರಿಂದ ಸಂರಕ್ಷಿತ ಜಾಗ, ಅಲ್ಲಿ ಮೀನು ಹಿಡಿಯುವಂತಿಲ್ಲ. ಅದಕ್ಕೇ ಇವು ಅಲ್ಲಿ ಜಾಸ್ತಿ ಕಾಣಸಿಗುತ್ತವೆ. ಡಿಸೆಂಬರ್ ರಜೆಗೆ ನಮ್ಮವರು ಇತ್ತ ಬರುವ ಮೊದಲು ಒಂದು ತಿದ್ದುಪಡಿ ಹಾಕಿ. ಮೂರೂ ಚಿತ್ರಗಳ ಹೆಸರು ಸರಿಪಡಿಸಲು ಜಾಗ ಸಾಲದಿದ್ದರೆ, 'ಮುಟ್ಟಿದರೂ ಏನೂ ಮಾಡದು' ಎಂಬ ಆ ಒಂದು ಸಾಲನ್ನಾದರೂ ವಾಪಸ್ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಓದುಗಿ, ಸಿಡ್ನಿ