ದೂರು: ನಿಮ್ಮ ಆ್ಯಪ್ ಕನ್ನಡದಲ್ಲಿದೆ, ಹುಡುಕೋ ಜಾಗಕ್ಕೆ ಮಾತ್ರ ಕನ್ನಡ ಬರಲ್ಲ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ನಮ್ಮಮ್ಮ ದಾವಣಗೆರೆಯಲ್ಲಿದ್ದಾರೆ. ನಿಮ್ಮ ಶಾಪಿಂಗ್ ಆ್ಯಪ್ ಕನ್ನಡದಲ್ಲಿ ಸಿಗುತ್ತೆ ಅಂತ ನಾನೇ ಅವರ ಫೋನಿಗೆ ಹಾಕಿಕೊಟ್ಟಿದ್ದೆ. ಮನೆಯಲ್ಲಿದ್ದ ಪಡ್ಡಿನ ಹಂಚು ಬಿರುಕು ಬಿಟ್ಟಿತ್ತು, ಹೊಸದು ಬೇಕಿತ್ತು. 'ಪಡ್ಡಿನ ಹಂಚು' ಅಂತ ನಿಧಾನಕ್ಕೆ ಒಂದೊಂದೇ ಅಕ್ಷರ ಒತ್ತಿ ಹುಡುಕಿದರು. 'ಯಾವುದೇ ಫಲಿತಾಂಶವಿಲ್ಲ' ಅಂತ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಪಡ್ಡು ಅಂತ ಹೊಡೆದರೆ ಕ್ರಿಕೆಟ್ ಪ್ಯಾಡು ತೋರಿಸಿತು. "ಇವರ ಹತ್ರ ಇಲ್ವಂತಪ್ಪ" ಅಂತ ಫೋನ್ ಪಕ್ಕಕ್ಕಿಟ್ಟುಬಿಟ್ಟರು.

ಆದರೆ ನಿಮ್ಮ ಹತ್ರ ಇದೆ! ನಾನು 'ಪಣಿಯಾರಂ ಪ್ಯಾನ್' ಅಂತ ಇಂಗ್ಲಿಷಿನಲ್ಲಿ ಹುಡುಕಿದ ತಕ್ಷಣ ಸಾಲುಸಾಲಾಗಿ ಬಂದವು. 'ಅಪ್ಪೆ ಪಾತ್ರ' ಅಂದರೆ ಇನ್ನೊಂದಷ್ಟು. ತಮಿಳಿನ ಹೆಸರು, ಮರಾಠಿ ಹೆಸರು ಗೊತ್ತಿರೋ ನಿಮಗೆ ಕನ್ನಡದ್ದು ಮಾತ್ರ ಯಾಕೆ ಗೊತ್ತಿಲ್ಲ? ನಮ್ಮಲ್ಲಿ ಪಡ್ಡು ಅಂತೀವಿ, ಬೆಂಗಳೂರು ಕಡೆ ಗುಂಡ್ಪೊಂಗ್ಲು ಅಂತಾರೆ, ಕರಾವಳಿಯಲ್ಲಿ ಗುಳಿಯಪ್ಪ. ಇಷ್ಟೂ ಒಂದೇ ತಿಂಡಿಯ ಹೆಸರು, ಹಂಚೂ ಒಂದೇ ಅಂತ ಒಂದು ಕಡೆ ಸೇರಿಸಿ. ಹೆಸರಲ್ಲಿ ಒಂದಕ್ಷರ ಆಚೀಚೆ ಆದರೂ ಹತ್ತಿರದ್ದನ್ನು ತೋರಿಸಬೇಕು, ಯಾಕಂದರೆ ಫೋನಿನಲ್ಲಿ ಒತ್ತಕ್ಷರ ಟೈಪ್ ಮಾಡೋದು ವಯಸ್ಸಾದವರಿಗೆ ಸುಲಭ ಅಲ್ಲ.

ಸಿಕ್ಕಮೇಲೂ ಕಷ್ಟ ಮುಗಿಯಲಿಲ್ಲ. ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು ಮಾತ್ರ ಸಾಕು ಅಂತ ಫಿಲ್ಟರ್ ಹಾಕಿದೆ, ಆದರೂ ಮೇಲಿನ ನಾಲ್ಕು ನಾನ್‌ಸ್ಟಿಕ್. ಅವು ಜಾಹೀರಾತು ಅಂತ ಮೂಲೆಯಲ್ಲಿ ಕಣ್ಣಿಗೇ ಕಾಣದಷ್ಟು ಚಿಕ್ಕದಾಗಿ ಬರೆದಿದ್ದೀರಿ. ಕಡಿಮೆ ಬೆಲೆಯಿಂದ ಜೋಡಿಸು ಅಂದರೆ ಮೊದಲು ಬಂದಿದ್ದು ಎಣ್ಣೆ ಸವರೋ ಬ್ರಷ್‌ಗಳು. ಒಂದು ಹಂಚು ತೆರೆದು ನೋಡಿ ವಾಪಸ್ ಬಂದರೆ ಹಾಕಿದ ಫಿಲ್ಟರ್ ಎಲ್ಲಾ ಮಾಯ, ಪಟ್ಟಿ ಮತ್ತೆ ಮೊದಲಿಂದ. ಅಮ್ಮನಿಗೆ 12 ಗುಳಿಯದ್ದು ಬೇಕಿತ್ತು, 7 ಗುಳಿಯದ್ದು ಮನೆಮಂದಿಗೆಲ್ಲ ಸಾಲಲ್ಲ. ಗುಳಿ ಎಷ್ಟು ಅಂತ ಆರಿಸೋಕೆ ಆಯ್ಕೆಯೇ ಇಲ್ಲ. ಪ್ರತಿ ಫೋಟೋ ದೊಡ್ಡದು ಮಾಡಿ ಬೆರಳಿಟ್ಟು ಎಣಿಸಿದ್ದೇನೆ. ಕೊನೆಗೆ ಒಂದು ಆರಿಸಿ ದುಡ್ಡು ಕಟ್ಟೋ ಹೊತ್ತಿಗೆ 'ಈ ಪಿನ್‌ಕೋಡಿಗೆ ತಲುಪಿಸುವುದಿಲ್ಲ' ಅಂತ ಬಂತು. ಪಿನ್‌ಕೋಡ್ ಮೊದಲೇ ಕೊಟ್ಟಿದ್ದೆ ಅಲ್ವಾ, ತಲುಪಿಸದೇ ಇರೋದನ್ನು ತೋರಿಸಿದ್ದು ಯಾಕೆ?

ಸಹಾಯವಾಣಿಗೆ ಫೋನ್ ಮಾಡಿದರೆ "ಇಂಗ್ಲಿಷಿನಲ್ಲಿ ಹುಡುಕಿ ಸರ್" ಅಂದರು. ಈ ಮಾತು ನನಗೆ ತುಂಬಾ ಬೇಜಾರಾಯಿತು. ಇಂಗ್ಲಿಷ್ ಬರೋರಿಗಾದರೆ ಕನ್ನಡದ ಆ್ಯಪ್ ಬೇಕಾಗಿರಲಿಲ್ಲ.

ಜನ ಹುಡುಕಿ ಏನೂ ಸಿಗದೇ ಹೋದ ಪದಗಳು ನಿಮ್ಮ ಸರ್ವರ್‌ನಲ್ಲಿ ದಾಖಲಾಗಿರಬೇಕು. ಅದರಲ್ಲಿ ಕನ್ನಡದ್ದನ್ನೆಲ್ಲ ತೆಗೆದು, ಕನ್ನಡ ಬಲ್ಲ ಒಬ್ಬರನ್ನು ಕೂರಿಸಿ ಓದಿಸಿ. ಈಳಿಗೆ ಮಣೆ, ಶಾವಿಗೆ ಒರಳು, ಒಬ್ಬಟ್ಟಿನ ಹಂಚು, ಇನ್ನೂ ಎಷ್ಟು ಹೀಗೆ ಸಿಗದೇ ಹೋಗಿವೆಯೋ ನೋಡಿ.

'ನಿಮ್ಮ ಸಲಹೆಗೆ ಧನ್ಯವಾದ' ಅನ್ನೋ ಸಿದ್ಧ ಉತ್ತರ ಬೇಡ. ಏನು ಸರಿ ಮಾಡುತ್ತೀರಿ, ಯಾವಾಗ ಮಾಡುತ್ತೀರಿ ಅಂತ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅಮ್ಮನಿಗೂ ತೋರಿಸಬೇಕು.

ಇಂತಿ,
ನಿಮ್ಮ ಗ್ರಾಹಕ